ಹಂಪಿಯ ಮಹಾನವಮಿಯಲ್ಲಿ ಚೆಂಡು ಹೂವಿತ್ತೇ?



ಬಹಳ ವರ್ಷಗಳ ಹಿಂದೆ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಕೃಷ್ಣದೇವರಾಯನ ಮಹಾನವಮಿ ದರ್ಬಾರಿನ ದೃಶ್ಯವೊಂದನ್ನು ನಾನು ಸಿದ್ಧಪಡಿಸಿದ್ದೆ. ರಟ್ಟಿನ ಸಿಂಹಾಸನ, ಬೇಗಡೆ ಅಂಟಿಸಿದ ಕಿರೀಟ, ಬಣ್ಣದ ಪರದೆ ಎಲ್ಲವೂ ಇದ್ದವು. ಮುಂಜಾನೆಯೇ ಮಾರುಕಟ್ಟೆಗೆ ಹೋಗಿ ಇಪ್ಪತ್ತು ಮಾರು ಚೆಂಡು ಹೂವು ತಂದು ರಂಗದ ತುಂಬ ತೂಗಿಬಿಟ್ಟೆವು. ಪರದೆ ಎದ್ದಾಗ ಜನ ಚಪ್ಪಾಳೆ ತಟ್ಟಿದ್ದು ಆ ಹೂವಿಗೇ ಎಂದು ಈಗಲೂ ನನ್ನ ನಂಬಿಕೆ.

ನಾಟಕ ಮುಗಿದ ಮೇಲೆ, ಸಸ್ಯಶಾಸ್ತ್ರ ಕಲಿಸುತ್ತಿದ್ದ ಹಿರಿಯರೊಬ್ಬರು ಬಂದರು. “ಎಲ್ಲ ಚೆನ್ನಾಗಿತ್ತು. ಆದರೆ ರಾಯರಿಗೆ ಈ ಹೂವನ್ನು ಎಲ್ಲಿಂದ ತರಿಸಿದಿರಿ?” ಎಂದು ಕೇಳಿದರು. “ಮಾರುಕಟ್ಟೆಯಿಂದ ಸಾರ್” ಎಂದೆ. ಅವರು ನಕ್ಕು, “ಅದು ನಿಮಗೆ ಸಿಕ್ಕಿತು. ರಾಯರಿಗೆ ಸಿಗುತ್ತಿರಲಿಲ್ಲ. ಆಗ ಅದು ಎರಡು ಸಮುದ್ರಗಳ ಆಚೆ ಇತ್ತು” ಎಂದರು.

ಅಂದು ನನಗೆ ಆದ ಮುಜುಗರವನ್ನು ವರ್ಣಿಸುವುದು ಬೇಡ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಮ್ಮ ಹಬ್ಬಗಳಲ್ಲಿ ಕಾಣುವ ಎಲ್ಲವೂ ಹಬ್ಬದಷ್ಟೇ ಹಳೆಯದೇ? ಒಂದು ಹೂವಿನ ವಯಸ್ಸನ್ನು ಇತಿಹಾಸಕಾರ ಕಂಡುಹಿಡಿಯುವುದು ಹೇಗೆ? ಇಂದಿನ ಲೇಖನದಲ್ಲಿ ಈ ಎರಡು ಪ್ರಶ್ನೆಗಳ ಬೆನ್ನು ಹತ್ತೋಣ.

ಮೊದಲು ನಿಮ್ಮ ಮನೆಯ ಪಂಚಾಂಗವನ್ನೇ ತೆರೆಯಿರಿ. ಯುಗಾದಿಗೆ ಮಾವಿನ ತೋರಣ, ಬೇವಿನ ಹೂವು. ಚೈತ್ರದ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಹೂವಿನ ಕರಗಕ್ಕೆ ಮಲ್ಲಿಗೆ. ಕರಗ ಹೊರುವವರು ತೋಟಗಾರಿಕೆಯನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದ ತಿಗಳ ಸಮುದಾಯದವರು, ಮತ್ತು ಆ ಹೊತ್ತು ಮಲ್ಲಿಗೆ ಗಿಡ ಮೈತುಂಬ ಬಿಡುವ ಹೊತ್ತು. ಮಳೆಗಾಲದ ಗೌರಿ ಹಬ್ಬದ ವೇಳೆಗೆ ಮಲೆನಾಡಿನ ಬೇಲಿಗಳಲ್ಲಿ ಕೆಂಪು ಹಳದಿ ಜ್ವಾಲೆಯಂತೆ ಅರಳುವ ಬಳ್ಳಿಯ ಹೂವಿಗೆ ಜನ ಇಟ್ಟ ಹೆಸರೇ ಗೌರಿ ಹೂವು. ಹಬ್ಬ ಹೂವನ್ನು ಹುಡುಕಿಕೊಂಡು ಹೋಗಿಲ್ಲ. ಆ ತಿಂಗಳು ಬೇಲಿಯಲ್ಲಿ, ಹೊಲದಲ್ಲಿ ಏನಿತ್ತೋ ಅದನ್ನು ಕರೆದು ಕೂರಿಸಿಕೊಂಡಿದೆ.

ಹಾಗಾದರೆ ದಸರಾ, ದೀಪಾವಳಿಗೆ? ಆಯುಧಪೂಜೆಯ ಹಿಂದಿನ ದಿನ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೋ ನಿಮ್ಮ ಊರಿನ ಸಂತೆಗೋ ಹೋದವರಿಗೆ ಉತ್ತರ ಗೊತ್ತು. ರಾಶಿ ರಾಶಿ ಚೆಂಡು ಹೂವು, ಅದರ ಪಕ್ಕದಲ್ಲಿ ಸೇವಂತಿಗೆ. ಬಸ್ಸಿನ ಮೂತಿಗೆ, ಲೇತ್ ಯಂತ್ರಕ್ಕೆ, ಹೊಲಿಗೆ ಮೆಷಿನ್ನಿಗೆ, ಸೈಕಲ್ಲಿನ ಹ್ಯಾಂಡಲ್ಲಿಗೆ ಎಲ್ಲಕ್ಕೂ ಅದೇ ಮಾಲೆ. ಈ ಹೂವಿಲ್ಲದ ಆಯುಧಪೂಜೆಯನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಆದ್ದರಿಂದಲೇ ಪೌರಾಣಿಕ ಚಿತ್ರ, ಧಾರಾವಾಹಿಗಳಲ್ಲಿ ಸ್ವಯಂವರದ ಮಂಟಪಕ್ಕೂ ಚೆಂಡು ಹೂವಿನ ಮಾಲೆ ಕಟ್ಟಿದಾಗ ಯಾರಿಗೂ ಏನೂ ಅನ್ನಿಸುವುದಿಲ್ಲ.

ಈಗ ದಾಖಲೆಗಳ ಕಡೆ ತಿರುಗೋಣ. ಕನ್ನಡ ನಾಡಿನಲ್ಲಿ ಹೂವಿನ ಸಂಭ್ರಮ ಹಳೆಯದೆಂಬುದರಲ್ಲಿ ಸಂದೇಹವಿಲ್ಲ. ಹತ್ತನೆಯ ಶತಮಾನದಲ್ಲಿ ಪಂಪ ಬನವಾಸಿಯನ್ನು ನೆನೆಯುವಾಗ ಅವನ ನೆನಪನ್ನು ಕೆರಳಿಸುವ ವಸ್ತುಗಳಲ್ಲಿ ಮಲ್ಲಿಗೆಯೂ ಒಂದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಉಪಭೋಗಗಳನ್ನು ಹೇಳುವಾಗ ಹೂಮಾಲೆಗಳಿಗೆಂದೇ ಒಂದು ಭಾಗವಿದೆ. ದೇವಾಲಯಗಳ ಹೂದೋಟಕ್ಕೆಂದು ಭೂಮಿ ಬಿಟ್ಟ ಶಾಸನಗಳಿವೆ. ಊರ ಗುಡಿಗೂ ಮನೆಗಳಿಗೂ ದಿನ ಬೆಳಗಾದರೆ ಹೂವು ಪತ್ರೆ ತಲುಪಿಸುವ ಹೂಗಾರರು ತಮ್ಮ ಮೂಲಪುರುಷನೆಂದು ನೆನೆಯುವುದು ಹನ್ನೆರಡನೆಯ ಶತಮಾನದ ಶರಣ ಹೂಗಾರ ಮಾದಯ್ಯನನ್ನು.

ವಿಜಯನಗರಕ್ಕೆ ಬಂದರೆ ನಮಗೆ ಕಣ್ಣಾರೆ ಕಂಡವರ ಸಾಕ್ಷ್ಯವೇ ಸಿಗುತ್ತದೆ. 1443ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ, ಹೆರಾತಿನ ದೊರೆ ಶಾರುಖನ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕ್ ಈ ನಗರದಲ್ಲಿ ಎಲ್ಲಿ ನೋಡಿದರೂ ಗುಲಾಬಿ ಮಾರುತ್ತಾರೆ, ಇಲ್ಲಿನವರಿಗೆ ಅದು ಅನ್ನದಷ್ಟೇ ಅಗತ್ಯ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಸುಮಾರು 1520ರ ಹೊತ್ತಿಗೆ ಕೃಷ್ಣದೇವರಾಯನ ಮಹಾನವಮಿಯನ್ನು ನೋಡಿದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಇನ್ನೂ ವಿವರವಾಗಿ ಹೇಳುತ್ತಾನೆ. ಸಿಂಗರಿಸಿದ ಕುದುರೆಗಳೂ ಆನೆಗಳೂ ಬಂದು ನಿಲ್ಲುತ್ತವೆ. ಬ್ರಾಹ್ಮಣನೊಬ್ಬ ಬಿಳಿ ಗುಲಾಬಿಗಳ ಬುಟ್ಟಿ ಹಿಡಿದು ಅರಸನ ಬಳಿ ಬರುತ್ತಾನೆ. ಅರಸ ಮೂರು ಬೊಗಸೆ ಹೂವು ತೆಗೆದು ಕುದುರೆಗಳ ಕಡೆ ಎರಚಿ, ಬಳಿಕ ಧೂಪ ತೋರಿಸುತ್ತಾನೆ. ಆನೆಗಳಿಗೂ ಹಾಗೆಯೇ ಮಾಡುತ್ತಾನೆ. ಇಂದು ನಾವು ಬಸ್ಸಿಗೆ ಮಾಡುವುದನ್ನು ಅಂದಿನ ಅರಸ ತನ್ನ ಕುದುರೆಗೆ ಮಾಡಿದ್ದಾನೆ ಎಂದರೆ ತಪ್ಪಾಗಲಾರದು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಅಬ್ದುಲ್ ರಜಾಕ್ ಬರೆದದ್ದು ಪಾರಸಿಯಲ್ಲಿ. ಪಾರಸಿಯ ‘ಗುಲ್’ ಎಂದರೆ ಗುಲಾಬಿಯೂ ಹೌದು, ಯಾವುದೇ ಹೂವೂ ಹೌದು. ಪಾಯಸನ ಬರಹವನ್ನು ನಾವು ಓದುವುದು ಬಹುಮಟ್ಟಿಗೆ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದ ಮೂಲಕ. ಪರದೇಶಿ ಪ್ರವಾಸಿ ತನಗೆ ಗೊತ್ತಿರುವ ಹೂವಿನ ಹೆಸರನ್ನೇ ಗೊತ್ತಿಲ್ಲದ ಹೂವಿಗೂ ಇಡುವುದುಂಟು. ಆದ್ದರಿಂದ ಆ ಬಿಳಿ ಹೂವು ಇಂದಿನ ಗುಲಾಬಿಯೇ ಎಂದು ಪ್ರಮಾಣ ಮಾಡಲು ನಾನು ಸಿದ್ಧನಿಲ್ಲ. ಆದರೆ ಅದು ಚೆಂಡು ಹೂವಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಏಕೆಂದರೆ ಅದೇ ವರ್ಷಗಳಲ್ಲಿ ಚೆಂಡು ಹೂವು ಎಲ್ಲಿತ್ತೆಂಬುದು ನಮಗೆ ಗೊತ್ತು.

ಅದು ಮೆಕ್ಸಿಕೋದಲ್ಲಿತ್ತು. ‘ಟಜೆಟಿಸ್’ ಎಂಬ ಕುಲಕ್ಕೆ ಸೇರಿದ ಸುಮಾರು ಐವತ್ತು ಜಾತಿಗಳ ತವರು ಅಮೆರಿಕ ಖಂಡ. ಅಲ್ಲಿನ ಅಜ್ಟೆಕ್ ಜನ ತಮ್ಮ ನಹುವಾತ್ಲ್ ನುಡಿಯಲ್ಲಿ ಇದನ್ನು ಕರೆಯುತ್ತಿದ್ದ ಹೆಸರಿನ ಅರ್ಥ ‘ಇಪ್ಪತ್ತು ಹೂವು’. ನಾವು ಹತ್ತರ ಲೆಕ್ಕದಲ್ಲಿ ಎಣಿಸಿದಂತೆ ಅವರು ಇಪ್ಪತ್ತರ ಲೆಕ್ಕದಲ್ಲಿ ಎಣಿಸುತ್ತಿದ್ದರು. ನಾವು ತಾವರೆಗೆ ಸಾವಿರ ದಳ ಎನ್ನುವಂತೆ ಅವರು ಇದಕ್ಕೆ ಇಪ್ಪತ್ತು ಎಂದರು. ಅಂದರೆ ದಳ ಬಹಳ ಎಂದು. ಸ್ಪೇನಿನ ದಂಡನಾಯಕ ಕೊರ್ಟೆಸ್ ಅಜ್ಟೆಕರ ರಾಜಧಾನಿ ಟೆನೋಚ್‌ಟಿಟ್ಲಾನ್ ನಗರವನ್ನು ಹೊಕ್ಕದ್ದು 1519ರ ನವೆಂಬರ್‌ನಲ್ಲಿ. ಆ ನಗರ ಬಿದ್ದದ್ದು 1521ರ ಆಗಸ್ಟ್‌ನಲ್ಲಿ. ಪಾಯಸ್ ಹಂಪಿಯ ಮಹಾನವಮಿ ದಿಬ್ಬದ ಸಂಭ್ರಮ ನೋಡುತ್ತಿದ್ದ ಕಾಲವೂ ಇದೇ! ಭೂಮಿಯ ಎರಡು ಕಡೆ ಎರಡು ಮಹಾನಗರಗಳು, ಎರಡರಲ್ಲೂ ಹೂವಿನ ಹಬ್ಬ, ಒಂದಕ್ಕೊಂದರ ಸುಳಿವಿಲ್ಲ.

ಅಜ್ಟೆಕರ ಹಬ್ಬಗಳ ವಿಷಯ ನಮಗೆ ತಿಳಿಯುವುದು ಹೇಗೆಂದು ನೀವು ಕೇಳಬಹುದು. 1529ರಲ್ಲಿ ಮೆಕ್ಸಿಕೋಕ್ಕೆ ಬಂದ ಬರ್ನಾರ್ಡಿನೊ ದೆ ಸಹಗುನ್ ಎಂಬ ಪಾದ್ರಿ ಅಲ್ಲಿನ ಭಾಷೆ ಕಲಿತು, ಅಲ್ಲಿನ ಹಿರಿಯರನ್ನು ಕೇಳಿ ಕೇಳಿ, ಅಲ್ಲಿನ ವಿದ್ಯಾವಂತ ತರುಣರ ನೆರವಿನಿಂದ ಹನ್ನೆರಡು ಸಂಪುಟಗಳನ್ನು ಸಿದ್ಧಪಡಿಸಿದ. ಸುಮಾರು 1577ರಲ್ಲಿ ಮುಗಿದ ಆ ಹಸ್ತಪ್ರತಿ ಇಂದು ಇಟಲಿಯ ಫ್ಲಾರೆನ್ಸ್ ನಗರದ ಗ್ರಂಥಾಲಯದಲ್ಲಿದೆ. ಅದರಲ್ಲಿ ಹಬ್ಬಗಳನ್ನು ವಿವರಿಸುವ ಸಂಪುಟದಲ್ಲಿ ‘ಹೂವು ಕೊಡುವ’ ತಿಂಗಳೊಂದರ ವರ್ಣನೆಯಿದೆ. ಜನ ಹೊಲಗದ್ದೆ ಅಲೆದು ಹೂವು ಕೊಯ್ದು ತಂದು, ಮಾಲೆ ಕಟ್ಟಿ ದೇವರಿಗೆ ಏರಿಸುತ್ತಿದ್ದರು. ಆ ತಿಂಗಳಿಗೆ ‘ಸತ್ತವರ ಕಿರುಹಬ್ಬ’ ಎಂಬ ಇನ್ನೊಂದು ಹೆಸರೂ ಇತ್ತು. ಸ್ಪೇನಿನವರ ಆಳ್ವಿಕೆ ಬಂದ ಮೇಲೆ ಸತ್ತವರನ್ನು ನೆನೆಯುವ ಆಚರಣೆ ಬೇಸಿಗೆಯಿಂದ ಜಾರಿ, ಕ್ರೈಸ್ತರ ಪಂಚಾಂಗದ ನವೆಂಬರ್ 1 ಮತ್ತು 2ನೆಯ ತಾರೀಖುಗಳಿಗೆ ಬಂದು ನಿಂತಿತು. ದೇವರು ಬದಲಾದರು, ತಿಂಗಳು ಬದಲಾಯಿತು, ಹೂವು ಬದಲಾಗಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ. ನಮ್ಮಲ್ಲಿ ಆದದ್ದು ಇದಕ್ಕೆ ತಿರುಗುಮುರುಗು.

ಅಲ್ಲಿಂದ ಬೀಜಗಳು ಸ್ಪೇನ್, ಪೋರ್ಚುಗಲ್‌ಗಳ ಹಡಗು ಏರಿದವು. 1542ರಲ್ಲಿ ಜರ್ಮನಿಯ ಲಿಯೋನಾರ್ಡ್ ಫುಕ್ಸ್ ಪ್ರಕಟಿಸಿದ ಸಸ್ಯಗ್ರಂಥದಲ್ಲಿ ಇದರ ಚಿತ್ರ ಬಂದುಬಿಟ್ಟಿದೆ. ತಮಾಷೆಯೆಂದರೆ ಅವನು ಇದನ್ನು ‘ಇಂಡಿಯಾ’ದ್ದು ಎಂದುಕೊಂಡ. ಅದೇ ಪುಸ್ತಕದಲ್ಲಿ ಮೆಣಸಿನಕಾಯಿ ಕಲ್ಲಿಕೋಟೆಯದು, ಮುಸುಕಿನ ಜೋಳ ತುರ್ಕಿಯದು! ಮೂರೂ ಅಮೆರಿಕದಿಂದ ಬಂದವೇ. ಮುಂದೆ ಉತ್ತರ ಆಫ್ರಿಕದ ಕರಾವಳಿಯಲ್ಲಿ ಈ ಗಿಡ ಬೆಳೆದದ್ದನ್ನು ಕಂಡವರು ದೊಡ್ಡ ಹೂವಿನ ಬಗೆಯನ್ನು ‘ಆಫ್ರಿಕನ್ ಮೇರಿಗೋಲ್ಡ್’ ಎಂದರು, ಚಿಕ್ಕ ಹೂವಿನದು ‘ಫ್ರೆಂಚ್ ಮೇರಿಗೋಲ್ಡ್’ ಆಯಿತು. ಇಂದಿಗೂ ಬೀಜದ ಪೊಟ್ಟಣದ ಮೇಲೆ ಅವೇ ಹೆಸರುಗಳಿವೆ. ಅದು ಆಫ್ರಿಕದ್ದೂ ಅಲ್ಲ, ಇದು ಫ್ರಾನ್ಸಿನದೂ ಅಲ್ಲ. ಇಂಗ್ಲಿಷಿನ ‘ಮೇರಿಗೋಲ್ಡ್’ ಎಂಬ ಹೆಸರಾದರೂ ಮೊದಲು ಯುರೋಪಿನ ಬೇರೊಂದು ಹೂವಿನದು. ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ಆ ಪದ ಕಂಡ ಕೂಡಲೇ ನಮ್ಮ ಚೆಂಡು ಹೂವೆಂದು ತಿಳಿಯಬೇಡಿ.

ಭಾರತಕ್ಕೆ ಹಡಗಿನ ದಾರಿ ಆಗಲೇ ತೆರೆದಿತ್ತು. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾಗಿತ್ತು. ಮೆಕ್ಸಿಕೋದಿಂದ ನೇರವಾಗಿ ಫಿಲಿಪ್ಪೀನ್ಸ್‌ಗೆ ಹೋಗಿ ಬರುವ ಸ್ಪೇನಿನ ಹಡಗು ಮಾರ್ಗ ಕುದುರಿದ್ದು 1565ರಲ್ಲಿ. ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರ ಸೋತದ್ದೂ ಅದೇ ವರ್ಷ. ಈ ಹಡಗುಗಳೇ ನಮಗೆ ಮೆಣಸಿನಕಾಯಿ, ಗೋಡಂಬಿ, ಸೀಬೆ, ಪರಂಗಿಗಳನ್ನು ತಂದವು. ಪರಂಗಿಯ ಹೆಸರಿನಲ್ಲಿಯೇ ಫರಂಗಿಯವನಿದ್ದಾನೆ, ನೋಡಿ. ಚೆಂಡು ಹೂವು ಬಂದದ್ದೂ ಈ ಸಾಗಾಟದಲ್ಲಿಯೇ. ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು 1610ರಲ್ಲಿ ದಸರಾ ಆಚರಣೆಯನ್ನು ಆರಂಭಿಸುವ ಹೊತ್ತಿಗೆ ಹಂಪಿಯ ಮಹಾನವಮಿ ಮುಗಿದ ಕಥೆಯಾಗಿತ್ತು. ಹಬ್ಬ ಮಾತ್ರ ಹೊಸ ಊರಿಗೆ ಬಂದು ಮುಂದುವರಿಯಿತು. ಹೊಸ ಹೂವಿಗೂ ಅದರಲ್ಲಿ ಜಾಗ ಸಿಕ್ಕಿತು.

ಭಾಷೆಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಮಲ್ಲಿಗೆ, ಸಂಪಿಗೆ, ಕೇದಗೆ ಈ ಹೆಸರುಗಳ ಸಂಸ್ಕೃತ ರೂಪಗಳು ಅಮರಕೋಶದಲ್ಲಿಯೇ ಇವೆ. ಚೆಂಡು ಹೂವು ಎಂಬ ಹೆಸರೋ, ಕಂಡವರು ಕಂಡ ಹಾಗೆ ಇಟ್ಟದ್ದು. ಹೊಸದಾಗಿ ಊರಿಗೆ ಬಂದವನನ್ನು ಹೆಸರು ಗೊತ್ತಾಗುವ ತನಕ ‘ಆ ಗುಂಗುರು ಕೂದಲಿನವನು’ ಎನ್ನುವುದಿಲ್ಲವೇ, ಹಾಗೆ. ಕೆಲವು ಕಡೆ ಇದನ್ನು ಚೆಂಡುಮಲ್ಲಿಗೆ ಎಂದೂ ಕರೆಯುತ್ತಾರೆ. ಮಲ್ಲಿಗೆಗೂ ಇದಕ್ಕೂ ಯಾವ ನಂಟೂ ಇಲ್ಲ. ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರು ಸೇರಿಸಿ ಮೆಣಸಿನಕಾಯಿ ಎಂದ ಜನವೇ ಹೊಸ ಹೂವಿಗೂ ಮಲ್ಲಿಗೆಯ ಹೆಸರು ಸೇರಿಸಿ ಮನೆಯೊಳಗೆ ಕರೆದುಕೊಂಡರು. ಹೆಸರುಗಳು ಹೀಗೆ ಹೂವಿಂದ ಹೂವಿಗೆ ಜಿಗಿಯುವುದರಿಂದ ಇತಿಹಾಸದ ವಿದ್ಯಾರ್ಥಿ ಹುಷಾರಾಗಿರಬೇಕು. ಹಿಂದಿಯಲ್ಲಿ ‘ಸೇವತಿ’ ಎಂದರೆ ಬಿಳಿ ಗುಲಾಬಿ. ನಮಗೆ ಸೇವಂತಿಗೆ ಎಂದರೆ ಬೇರೆಯೇ ಹೂವು. ಹಳೆಯ ಗ್ರಂಥದಲ್ಲಿ ಒಂದು ಹೆಸರು ಸಿಕ್ಕಿತೆಂದ ಮಾತ್ರಕ್ಕೆ ಇಂದು ನಾವು ಮುಡಿಯುವ ಹೂವೇ ಅಂದೂ ಇತ್ತೆಂದು ತೀರ್ಮಾನಿಸಲಾಗದು.

ಸೇವಂತಿಗೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಅದನ್ನು ತೋಟದ ಹೂವಾಗಿ ಪಳಗಿಸಿದವರು ಚೀನಿಯರು. ಅಲ್ಲಿ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ ಸೇವಂತಿಗೆ ನೋಡುವ, ಸೇವಂತಿಗೆ ಹಾಕಿದ ಮದ್ಯ ಕುಡಿಯುವ ಹಬ್ಬವಿದೆ. ನಮ್ಮ ದಸರಾ ಕೂಡ ಒಂಬತ್ತು ರಾತ್ರಿಗಳ ಹಬ್ಬ, ಮತ್ತು ಬರುವುದು ಹೆಚ್ಚುಕಡಿಮೆ ಅದೇ ಋತುವಿನಲ್ಲಿ. ಇದರಲ್ಲಿ ಪವಾಡವೇನೂ ಇಲ್ಲ. ಸೇವಂತಿಗೆ ಹಗಲು ಚಿಕ್ಕದಾಗಿ ರಾತ್ರಿ ಉದ್ದವಾಗುವಾಗ ಮೊಗ್ಗು ಬಿಡುವ ಗಿಡ. ಹಗಲಿನ ಉದ್ದಕ್ಕೂ ಗಿಡ ಹೂ ಬಿಡುವುದಕ್ಕೂ ಇರುವ ಈ ಸಂಬಂಧವನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಪಂಚಾಂಗ ನೋಡುವುದು ಆಕಾಶವನ್ನು, ಗಿಡ ನೋಡುವುದೂ ಆಕಾಶವನ್ನೇ. ಇಬ್ಬರೂ ಶರತ್ಕಾಲದಲ್ಲಿ ಭೇಟಿಯಾಗುತ್ತಾರೆ.

ಚೆಂಡು ಹೂವಿನ ಗೆಲುವಿಗೆ ಕಾರಣ ಇನ್ನೂ ಸರಳ. ಮಲ್ಲಿಗೆ ಒಂದು ರಾತ್ರಿಯ ಹೂವು, ಬೆಳಗಾದರೆ ಬಾಡುತ್ತದೆ. ಚೆಂಡು ಹೂವು ಗೋಣಿಚೀಲದಲ್ಲಿ ತುಂಬಿ ಲಾರಿಗೆ ಎಸೆದರೂ ಮಾರನೆಯ ದಿನ ಮುಖ ಬಾಡಿಸುವುದಿಲ್ಲ. ಬಿತ್ತಿದ ಎರಡು ತಿಂಗಳು, ಎರಡೂವರೆ ತಿಂಗಳಲ್ಲಿ ಹೂವು ಕೈಗೆ ಬರುತ್ತದೆ. ಆದ್ದರಿಂದ ರೈತ ಹಬ್ಬದಿಂದ ಹಿಂದಕ್ಕೆ ದಿನ ಎಣಿಸಿ ಸಸಿ ನೆಡಬಹುದು. ಅದರ ಬಣ್ಣ ಅರಿಸಿನದ ಬಣ್ಣ. ಮಂಗಳ ಕಾರ್ಯಕ್ಕೆ ಒಪ್ಪುವುದೇ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಬಡವನೂ ಕೊಳ್ಳಬಹುದಾದ ಬೆಲೆ. ಅರಸನ ಕುದುರೆಗೆ ಬುಟ್ಟಿ ಗುಲಾಬಿ ಸಾಕಾಗಿತ್ತು. ಊರಿನ ಪ್ರತಿ ಗಾಡಿ, ಪ್ರತಿ ನೇಗಿಲು, ಪ್ರತಿ ಅಂಗಡಿಯ ತಕ್ಕಡಿಗೂ ಪೂಜೆಯಾಗಬೇಕಾದರೆ ಇಂಥದೊಂದು ಹೂವೇ ಬೇಕು. ಹೀಗೆ ನೋಡಿದರೆ ಹಬ್ಬ ಅರಮನೆಯ ಅಂಗಳದಿಂದ ಎಲ್ಲರ ಹೊಸ್ತಿಲಿಗೆ ಹರಡುವುದರಲ್ಲಿ ಈ ಹೊರಗಿನ ಹೂವಿನ ಪಾಲೂ ಇದೆ ಎಂದು ನಾನು ತಿಳಿದಿದ್ದೇನೆ.

ಈ ವಿಷಯ ಹೇಳಿದಾಗ ಒಬ್ಬ ವಿದ್ಯಾರ್ಥಿ ನನ್ನನ್ನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದ್ದ: “ಹಾಗಾದರೆ ನಮ್ಮ ಸಂಪ್ರದಾಯ ಸುಳ್ಳೇ ಸಾರ್?” ಸುಳ್ಳಲ್ಲ. ಮೆಕ್ಸಿಕೋದಲ್ಲಿ ಹೂವು ಉಳಿದು ಹಬ್ಬ ಬದಲಾಯಿತು. ಇಲ್ಲಿ ಹಬ್ಬ ಉಳಿದು ಹೂವು ಬದಲಾಯಿತು. ಸುಳ್ಳಾಗುವುದು ‘ಎಲ್ಲವೂ ಮೊದಲಿನಿಂದ ಹೀಗೇ ಇತ್ತು’ ಎಂಬ ಮಾತು ಮಾತ್ರ. ಒಂದು ಆಚರಣೆಯನ್ನು ಇಡಿಯಾಗಿ ಹಿಡಿದು ‘ಇದು ಎಷ್ಟು ಹಳೆಯದು’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ತಿಥಿ ಎಷ್ಟು ಹಳೆಯದು, ದೇವರು ಯಾವಾಗಿನವರು, ಪಾತ್ರೆ ಯಾವ ಲೋಹ, ಹೂವು ಯಾವ ನಾಡಿನದು ಎಂದು ಬಿಡಿಬಿಡಿಯಾಗಿ ಕೇಳಬೇಕು. ಒಂದೊಂದಕ್ಕೂ ಬೇರೆ ಬೇರೆ ವಯಸ್ಸು ಬರುತ್ತದೆ.

ಇದನ್ನು ಪುಸ್ತಕವಿಲ್ಲದೆ ನೋಡಬೇಕೆಂದಿದ್ದರೆ ಬಲಿಪಾಡ್ಯಮಿಯ ಬೆಳಿಗ್ಗೆ ಹಳ್ಳಿಯ ಮನೆಯೊಂದರ ಬಾಗಿಲಿಗೆ ಹೋಗಿ. ಸಗಣಿಯ ಪುಟ್ಟ ಗುಪ್ಪೆಗಳನ್ನು ಮಾಡಿ ಹೂವು ಸಿಕ್ಕಿಸಿಟ್ಟಿರುತ್ತಾರೆ. ಕೆಲವು ಕಡೆ ಅವಕ್ಕೆ ಪಾಂಡವರು ಎಂದೇ ಹೆಸರು. ಅದರಲ್ಲಿ ಹುಚ್ಚೆಳ್ಳಿನ ಹಳದಿ ಹೂವಿರುತ್ತದೆ, ಉತ್ತರಾಣಿಯ ಕಡ್ಡಿ ಇರುತ್ತದೆ, ಚೆಂಡು ಹೂವೂ ಇರುತ್ತದೆ. ಉತ್ತರಾಣಿ ನಮ್ಮ ಬೇಲಿಯ ಗಿಡ. ಚೆಂಡು ಹೂವು ಮೆಕ್ಸಿಕೋದ್ದು. ಹುಚ್ಚೆಳ್ಳು? ಅದೂ ಹೊರಗಿನದೇ, ಇಥಿಯೋಪಿಯಾ ಅದರ ತವರು. ಆದರೆ ಅದು ಎಷ್ಟೋ ಹಿಂದೆಯೇ ಬಂದು ಊರಿನದಾಗಿಬಿಟ್ಟಿದೆ. ಒಂದು ಮುಷ್ಟಿ ಸಗಣಿಯ ಮೇಲೆ ಮೂರು ಕಾಲಗಳು.

ಈ ಹೂವುಗಳ ಹಿಂದೆ ಬದುಕು ಕಟ್ಟಿಕೊಂಡವರನ್ನು ಮರೆತರೆ ಇತಿಹಾಸ ಅರ್ಧವಾದೀತು. ಉಡುಪಿಯ ಶಂಕರಪುರದ ಕಡೆ ಮಲ್ಲಿಗೆಯನ್ನು ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುತ್ತಾರೆ. ನಮ್ಮ ಕಡೆ ಮೊಳ, ಮಾರು. ಗುಂಡ್ಲುಪೇಟೆಯ ಹೊಲಗಳಲ್ಲಿ ಮಳೆಗಾಲದಲ್ಲಿ ಚೆಂಡು ಹೂವು ಹಾಸಿದಂತೆ ಬೆಳೆದು ನಿಂತಿರುತ್ತದೆ. ಅದರಲ್ಲಿ ಬಹುಪಾಲು ದೇವರಿಗಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ. ಆ ಬಣ್ಣ ಕೋಳಿಯ ಆಹಾರಕ್ಕೆ ಸೇರಿ ಮೊಟ್ಟೆಯ ಹಳದಿಯನ್ನು ಗಾಢ ಮಾಡುತ್ತದೆ. ಓಣಂ ಬಂದಾಗ ಕೇರಳದ ಅಂಗಳದ ಹೂವಿನ ರಂಗೋಲಿಗೂ ಕರ್ನಾಟಕದ ಹೂವು ಗಡಿ ದಾಟಿ ಹೋಗುತ್ತದೆ. ತುಂಬೆ ಹೂವನ್ನು ಮಕ್ಕಳು ಬೇಲಿಯಿಂದ ಆಯ್ದು ತರುತ್ತಿದ್ದ ಹಬ್ಬ ಈಗ ಲಾರಿಗಾಗಿ ಕಾಯುತ್ತದೆ.

ಹಬ್ಬವನ್ನೇ ನಂಬಿದ ಬೆಳೆ ಹಬ್ಬ ನಿಂತರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ಕಂಡೆವು. ಕೊರೋನಾದಿಂದಾಗಿ ದೇಶವ್ಯಾಪಿ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ರಂದು. ಅಂದು ಯುಗಾದಿ. ಗುಡಿಗಳು ಮುಚ್ಚಿದವು, ಮದುವೆ ಜಾತ್ರೆಗಳು ನಿಂತವು, ಗಿಡ ಮಾತ್ರ ಹೂ ಬಿಡುತ್ತಲೇ ಹೋಯಿತು. ಕೊಯ್ಯುವ ಕೂಲಿಯೂ ಹುಟ್ಟದೆ ರೈತರು ಹೂವನ್ನು ತಿಪ್ಪೆಗೆ ಸುರಿದರು, ಹೊಲದಲ್ಲೇ ಉತ್ತುಬಿಟ್ಟರು. ಆ ವರ್ಷ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿಯಂತೆ, ಒಂದು ಹೆಕ್ಟೇರಿಗೆ ಮಿತಿಗೊಳಿಸಿ ಪರಿಹಾರ ಘೋಷಿಸಿತು. ಹಬ್ಬದ ಹೂವು ಎಂಬುದು ಭಕ್ತಿಯ ವಿಷಯವಷ್ಟೇ ಅಲ್ಲ, ಒಬ್ಬರ ಮನೆಯ ಒಲೆಯ ವಿಷಯವೂ ಹೌದೆಂದು ಆಗ ಪಟ್ಟಣದವರಿಗೂ ತಿಳಿಯಿತು.

ಮೆಕ್ಸಿಕೋದಲ್ಲಿ ಈಗಲೂ ನವೆಂಬರ್ ಮೊದಲ ಎರಡು ದಿನ ಸತ್ತವರ ಹಬ್ಬ ನಡೆಯುತ್ತದೆ. 2008ರಲ್ಲಿ ಯುನೆಸ್ಕೋ ಅದನ್ನು ಮಾನವ ಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆಯಲ್ಲಿ ಎಡೆಯಿಟ್ಟು, ಹಿರಿಯರ ಭಾವಚಿತ್ರವಿಟ್ಟು, ಬಾಗಿಲಿಂದ ಒಳಗಿನವರೆಗೆ ಚೆಂಡು ಹೂವಿನ ಎಸಳುಗಳನ್ನು ಉದುರಿಸಿ ದಾರಿ ಮಾಡುತ್ತಾರೆ. ಆ ಬಣ್ಣ, ಆ ವಾಸನೆ ಹಿಡಿದು ಹೋದವರು ಮನೆಗೆ ಬರುತ್ತಾರೆಂದು ನಂಬಿಕೆ. ನಮ್ಮ ಮಹಾಲಯ ಅಮಾವಾಸ್ಯೆಯ ಎಡೆ ನಿಮಗೆ ನೆನಪಾಗಬಹುದು. 2024ರಲ್ಲಿ ಬಲಿಪಾಡ್ಯಮಿ ಬಂದದ್ದು ನವೆಂಬರ್ 2ರಂದು. ಅಂದು ಬೆಳಿಗ್ಗೆ ನಮ್ಮ ಹಳ್ಳಿಗಳ ಬಾಗಿಲಲ್ಲಿ ಸಗಣಿಯ ಪಾಂಡವರ ತಲೆಗೆ ಚೆಂಡು ಹೂವು ಸಿಕ್ಕಿಸುತ್ತಿದ್ದರು. ಅಲ್ಲಿ ಬೆಳಗಾದ ಮೇಲೆ, ಅದೇ ಹೂವನ್ನು ತೋಳಿನಲ್ಲಿ ತಬ್ಬಿಕೊಂಡು ಜನ ತಮ್ಮವರ ಸಮಾಧಿಗಳ ಕಡೆ ನಡೆದಿದ್ದರು.